ಏಳನೇ ಪ್ರೋಗ್ರಾಮಿಗೆ ಸಹಿ ಹಾಕದವರು

ಅವರು ತೀರಿಕೊಂಡ ಸುದ್ದಿ ನಮ್ಮ ಸ್ಟಾಫ್ ವಾಟ್ಸಾಪ್ ಗುಂಪಿಗೆ ಬಂದದ್ದು ಒಂದು ಮಂಗಳವಾರ ಬೆಳಿಗ್ಗೆ, ಇಂಟರ್ನಲ್ ಪರೀಕ್ಷೆಯ ವೇಳಾಪಟ್ಟಿಗೂ ಸಿವಿಲ್ ವಿಭಾಗದವರೊಬ್ಬರ ಹುಟ್ಟುಹಬ್ಬಕ್ಕೂ ನಡುವೆ. ಕೆಳಗೆ ಕೈ ಮುಗಿದ ಚಿತ್ರಗಳು ಇಪ್ಪತ್ತಾರು ಇದ್ದವು. ಎಣಿಸಿದೆ. ಅದರಲ್ಲಿ ಒಂದು ನನ್ನದು. ಅದನ್ನು ಒತ್ತಿ ಫೋನು ಕೆಳಗಿಟ್ಟ ಮೇಲೆ ಬಹಳ ಹೊತ್ತು ನನಗೆ ಏಳಲು ಆಗಲಿಲ್ಲ. ನಾನು ಅವರ ಬಂಧುವಲ್ಲ, ಆಪ್ತನೂ ಅಲ್ಲ. ಆದ್ದರಿಂದ ಅದಕ್ಕೆ ಕಾರಣ ಹೇಳಬೇಕಾಗುತ್ತದೆ.

ಹಲಸೂರಿನ ಕಡೆಯ ಒಂದು ಖಾಸಗಿ ಪಾಲಿಟೆಕ್ನಿಕ್‌ನಲ್ಲಿ ಅವರು ಕಂಪ್ಯೂಟರ್ ವಿಭಾಗದ ಲ್ಯಾಬ್ ಇನ್‌ಸ್ಟ್ರಕ್ಟರ್ ಆಗಿದ್ದರು. ನಾನು ಅಲ್ಲೇ ಉಪನ್ಯಾಸಕ. ಇನ್‌ಸ್ಟ್ರಕ್ಟರ್ ಎಂದರೆ ಪಾಠ ಮಾಡುವವರಲ್ಲ. ಬೆಳಿಗ್ಗೆ ಯಂತ್ರಗಳನ್ನು ಚಾಲೂ ಮಾಡಿ, ವಿದ್ಯಾರ್ಥಿಗಳ ಪ್ರೋಗ್ರಾಂ ಓಡುವುದನ್ನು ನೋಡಿ, ರೆಕಾರ್ಡ್ ಪುಸ್ತಕಕ್ಕೆ ಸಹಿ ಹಾಕುವವರು. ಅವರಿಗೆ ಪದವಿ ಇರಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಕೆ.ಆರ್. ಪುರದ ಕಡೆಯ ಕಾರ್ಖಾನೆಯೊಂದರಲ್ಲಿ ಟೆಲಿಫೋನ್ ಪರೀಕ್ಷಿಸುವ ಮೇಜಿನ ಮುಂದೆ ಹದಿನೆಂಟು ವರ್ಷ ಕೂತಿದ್ದವರು. ಆ ವಿಭಾಗ ಮುಚ್ಚಿದ ಮೇಲೆ ನಮ್ಮಲ್ಲಿಗೆ ಬಂದರು. ಸಿ ಭಾಷೆಯನ್ನು ಅವರು ಕಲಿತದ್ದು ವಿದ್ಯಾರ್ಥಿಗಳ ಹಿಂದಿನ ಬೆಂಚಿನಲ್ಲಿ, ಎರಡು ವರ್ಷ, ಇನ್ನೂರು ಪುಟದ ನೋಟ್‌ಬುಕ್ ಇಟ್ಟುಕೊಂಡು. ಮೊದಲ ವರ್ಷದ ಹುಡುಗರು ಅವರನ್ನು ಯಾರದೋ ತಾಯಿ ಎಂದುಕೊಂಡಿದ್ದರಂತೆ.

ಕುಳ್ಳಗಿದ್ದರು. ಕನ್ನಡಕಕ್ಕೆ ಕರಿ ದಾರ, ತುರುಬಿನಲ್ಲಿ ಪೆನ್ಸಿಲು. ಶನಿವಾರ ರಸೆಲ್ ಮಾರುಕಟ್ಟೆಗೆ ಹೋಗಿಯೇ ಕಾಲೇಜಿಗೆ ಬರುತ್ತಿದ್ದದ್ದರಿಂದ ಅಂದು ಸರ್ವರ್ ಯಂತ್ರ ಇಟ್ಟ ಮೇಜಿನ ಕೆಳಗೆ ಒಂದು ತರಕಾರಿ ಚೀಲವಿರುತ್ತಿತ್ತು. ಲ್ಯಾಬಿನಲ್ಲಿ ಎ.ಸಿ. ಇದ್ದ ಒಂದೇ ಮೂಲೆ ಅದು. ಯಂತ್ರಕ್ಕೆಂದು ಹಾಕಿಸಿದ ತಂಪು ಸೊಪ್ಪಿಗೂ ಆಗುತ್ತದೆ ಎಂದು ಅವರ ವಾದ. ಬುದ್ಧ ಪೂರ್ಣಿಮೆಯ ಮರುದಿನ ಸ್ಟೀಲ್ ಡಬ್ಬಿಯಲ್ಲಿ ಪಾಯಸ ತರುತ್ತಿದ್ದರು. ಎಲ್ಲರಿಗೂ ಒಂದೊಂದು ಸೌಟು, ಪ್ರಿನ್ಸಿಪಾಲರಿಗೂ ಒಂದೇ.

ಅವರು ವಿದ್ಯಾರ್ಥಿಗಳ ಕೀಬೋರ್ಡ್ ಮುಟ್ಟುತ್ತಿರಲಿಲ್ಲ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಕುರ್ಚಿಯ ಹಿಂದೆ ನಿಂತು, ಪ್ರಶ್ನೆ ಕೇಳುತ್ತಿದ್ದರು. ಒಮ್ಮೆ ಕಾರಣ ಕೇಳಿದೆ. "ಫ್ಯಾಕ್ಟ್ರೀಲಿ ನಮ್ದು ಟೆಸ್ಟಿಂಗ್ ಸರ್. ಫೋನು ಬಿಚ್ಚೋ ಹಾಗಿಲ್ಲ. ಎಲ್ಲಿ ಹೋಗಿದೆ ಅಂತ ಚೀಟಿ ಬರೆದು ಕೊಡ್ಬೇಕು, ಅಷ್ಟೆ. ಬಿಚ್ಚಿದ್ರೆ ಬುದ್ಧಿ ಕೈಗೆ ಹೋಗ್ಬಿಡುತ್ತೆ" ಎಂದರು.

ನಮ್ಮ ನೆಟ್‌ವರ್ಕ್ ಲ್ಯಾಬಿನಲ್ಲಿ ಮಾಡಿಸುವುದು ಬಹುಪಾಲು ಒಂದೇ ಸಂಗತಿ. ಒಂದು ಪ್ರೋಗ್ರಾಂ ಕರೆಗಾಗಿ ಕಾಯುತ್ತದೆ, ಅದು ಸರ್ವರ್. ಇನ್ನೊಂದು ಅದನ್ನು ಕರೆಯುತ್ತದೆ, ಅದು ಕ್ಲೈಂಟ್. ಕರೆ ಸೇರಿದ ಮೇಲೆ ಕ್ಲೈಂಟ್ ಒಂದು ಮಾತು ಕಳಿಸಬೇಕು, ಸರ್ವರ್ ಉತ್ತರಿಸಬೇಕು. ಹೊಸಬರ ಕೈಯಲ್ಲಿ ಇದು ಸಾಮಾನ್ಯವಾಗಿ ಆಗುವುದಿಲ್ಲ. ಪರದೆಯ ಮೇಲೆ ಕರ್ಸರ್ ಮಿನುಗುತ್ತಾ ಇರುತ್ತದೆ, ಹುಡುಗ ಅದನ್ನು ನೋಡುತ್ತಾ ಇರುತ್ತಾನೆ.

"ಸರ್ವರ್ ಓಡ್ತಾ ಇದೆ ಮೇಡಂ."

"ಓಡ್ತಾ ಇದೆಯೋ, ನಿಂತ್ಕೊಂಡಿದೆಯೋ?"

"...ನಿಂತ್ಕೊಂಡಿದೆ."

"ಯಾರಿಗೋಸ್ಕರ ನಿಂತಿದೆ ಕಣ್ಣಾ?"

ಈ ಪ್ರಶ್ನೆಗೆ ಉತ್ತರ ಗೊತ್ತಾದರೆ ಮುಕ್ಕಾಲು ಕೆಲಸ ಮುಗಿದಂತೆ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಎಂ.ಟೆಕ್‌ನಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ಇನ್ನೊಂದು ಸಲ ಒಬ್ಬ ಹುಡುಗ ಸರ್ವರನ್ನು ನಿಲ್ಲಿಸಿ ತಕ್ಷಣ ಮತ್ತೆ ಚಾಲೂ ಮಾಡಲು ಹೋಗಿ, ವಿಳಾಸ ಇನ್ನೂ ಬಳಕೆಯಲ್ಲಿದೆ ಎಂಬ ಸಂದೇಶ ಬಂದು, ಯಂತ್ರವನ್ನೇ ಆಫ್ ಮಾಡಲು ಕೈ ಹಾಕಿದ್ದ. "ಏ ಬೇಡ. ಹಳೇ ಬಾಡಿಗೆಯವ್ರು ಇನ್ನೂ ಮೆಟ್ಲಿಳೀತಾ ಇದಾರೆ. ಟೀ ಕುಡ್ಕೊಂಡು ಬಾ, ಅಷ್ಟೊತ್ತಿಗೆ ಖಾಲಿ ಆಗಿರುತ್ತೆ" ಎಂದರು. ಹುಡುಗ ಪಕ್ಕದವನನ್ನೂ ಕರೆದ, "ಬಾ ಮಗಾ, ಮೇಡಂ ಟೀ ಕುಡಿ ಅಂದ್ರು." ವಾಪಸು ಬಂದಾಗ ಓಡಿತು. ಆಮೇಲೆ ಆ ತರಗತಿಯಲ್ಲಿ ಏನೇ ಕೆಟ್ಟರೂ ಮೊದಲು ಟೀಗೆ ಹೋಗುವ ಪದ್ಧತಿ ಬಂತು. ಅದನ್ನು ನಿಲ್ಲಿಸಲು ಒಂದು ಸುತ್ತೋಲೆ ಬೇಕಾಯಿತು.

ಇನ್ನು ರೆಕಾರ್ಡ್ ಪುಸ್ತಕದ ವಿಷಯ. ಡಿಪ್ಲೊಮಾ ಓದಿದವರಿಗೆ ಗೊತ್ತು: ಬಲಗಡೆ ಗೆರೆಯಿರುವ ಪುಟದಲ್ಲಿ ಪ್ರೋಗ್ರಾಂ, ಎಡಗಡೆ ಬಿಳಿ ಪುಟದಲ್ಲಿ ಪೆನ್ಸಿಲಿನಿಂದ ಔಟ್‌ಪುಟ್. ಔಟ್‌ಪುಟ್ ಎಂದರೆ ಯಂತ್ರ ಏನು ತೋರಿಸಿತೋ ಅದು. ಆದರೆ ನಮ್ಮ ಕಡೆ ರೂಢಿ ಬೇರೆ. ಭಾನುವಾರ ಮನೆಯಲ್ಲಿ ಕೂತು ಕಾಲೇಜು ಅಚ್ಚು ಹಾಕಿಸಿದ ಮ್ಯಾನುಯಲ್ ನೋಡಿ ಎರಡೂ ಪುಟ ತುಂಬಿಸಿಬಿಡುತ್ತಾರೆ. ಸೋಮವಾರ ಯಂತ್ರದ ಮುಂದೆ ಕೂರುವುದು ಶಾಸ್ತ್ರಕ್ಕೆ. ನಾನೂ ಹಾಗೇ ಪಾಸಾದವನು. ಅವರು ಮಾತ್ರ ಎಡ ಪುಟ ಖಾಲಿ ಇದ್ದರೇ ಲ್ಯಾಬಿನೊಳಗೆ ಬಿಡುತ್ತಿದ್ದರು. "ಓದಿದ್ದು ಬರೀಬೇಡ, ಕಂಡಿದ್ದು ಬರಿ. ಏನೂ ಕಾಣ್ಲಿಲ್ಲ ಅಂದ್ರೆ ಏನೂ ಕಾಣ್ಲಿಲ್ಲ ಅಂತ ಬರಿ. ಅದೂ ಔಟ್‌ಪುಟ್ಟೇ."

ಒಂಬತ್ತು ವರ್ಷದ ಹಿಂದೆ ಸಿಲಬಸ್ ಬದಲಾಯಿತು. ನೆಟ್‌ವರ್ಕ್ ಲ್ಯಾಬಿಗೆ ಹೊಸ ಮ್ಯಾನುಯಲ್ ಬರೆಯುವ ಕೆಲಸ ನನಗೆ ಬಂತು. ಹನ್ನೆರಡು ಪ್ರೋಗ್ರಾಂ. ಪ್ರತಿಯೊಂದೂ ಒಂದೇ ಪುಟದಲ್ಲಿ ಮುಗಿಯಬೇಕು ಎಂದು ವಿಭಾಗದ ಮುಖ್ಯಸ್ಥರ ಸೂಚನೆ. ಏಳನೆಯದು ಸರ್ವರ್ ಪ್ರೋಗ್ರಾಂ. ಅದು ಪುಟದಿಂದ ಎರಡು ಸಾಲು ಹೊರಗೆ ಹೋಗುತ್ತಿತ್ತು. ನಾನು ಎರಡು ಕಡೆ ಎರಡೆರಡು ಸಾಲುಗಳನ್ನು ಕೂಡಿಸಿ ಒಂದೊಂದು ಮಾಡಿದೆ. ಪುಟ ಸರಿಹೋಯಿತು. ಕೂಡಿಸುವ ಮೊದಲು ಪ್ರೋಗ್ರಾಂ ಓಡಿಸಿ ನೋಡಿದ್ದೆ. ಕೂಡಿಸಿದ ಮೇಲೆ ಓಡಿಸಲಿಲ್ಲ. ಮ್ಯಾನುಯಲ್ ಅಚ್ಚಾಗಿ ಬಂತು. ಮುಖಪುಟದಲ್ಲಿ ಮುಖ್ಯಸ್ಥರ ಹೆಸರು ದೊಡ್ಡದಾಗಿ, ನನ್ನದು ಅದರ ಕೆಳಗೆ.

ಅದೇ ವರ್ಷ ಆಡಳಿತ ಮಂಡಳಿ ಮೂವರು ಗುತ್ತಿಗೆ ಇನ್‌ಸ್ಟ್ರಕ್ಟರ್‌ಗಳಲ್ಲಿ ಇಬ್ಬರನ್ನು ಕಾಯಂ ಮಾಡುವುದಾಗಿ ಹೇಳಿತ್ತು. ಸೇವೆಯಲ್ಲಿ ಇವರೇ ಹಿರಿಯರು. ಹನ್ನೊಂದು ವರ್ಷ, ಪ್ರತಿ ಮೇ ತಿಂಗಳು ಹೊಸ ಅರ್ಜಿ ಬರೆದು ಕೆಲಸ ಉಳಿಸಿಕೊಂಡವರು. ಪಟ್ಟಿಯಲ್ಲಿ ಮೊದಲ ಹೆಸರು ಅವರದು ಎಂದು ಎಲ್ಲರಿಗೂ ಗೊತ್ತಿತ್ತು. ನಾನು ಪ್ರೊಬೇಷನ್‌ನಲ್ಲಿದ್ದೆ, ಮುಗಿಯಲು ಮೂರು ತಿಂಗಳಿತ್ತು. ಇದನ್ನು ಇಲ್ಲೇ ಹೇಳಿಬಿಡುತ್ತೇನೆ. ಇದು ಮುಂದೆ ನಡೆದದ್ದಕ್ಕೆ ಕಾರಣ. ಸಮರ್ಥನೆ ಎಂದು ಬರೆದಿಲ್ಲ.

ಪ್ರಾಯೋಗಿಕ ಪರೀಕ್ಷೆಗೆ ಒಂದು ವಾರವಿರುವಾಗ ಒಬ್ಬ ಹುಡುಗಿ ಏಳನೇ ಪ್ರೋಗ್ರಾಂ ಹಾಕಿಕೊಂಡು ಕೂತಿದ್ದಳು. ಯಾದಗಿರಿ ಕಡೆಯವಳು. ತಂದೆ ಗಾರೆ ಕೆಲಸಕ್ಕೆಂದು ಬಂದು, ಟಿನ್ ಫ್ಯಾಕ್ಟರಿಯ ಹಿಂದೆ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದರು.

"ಏನೂ ಬರವಲ್ದ್ರೀ ಮೇಡಂ."

"ಎಲ್ಲಿ ಬರ್ತಿಲ್ಲ?"

"ಕ್ಲೈಂಟ್‌ನ್ಯಾಗ ಕನೆಕ್ಟೆಡ್ ಅಂತ ಬಂತ್ರೀ. ನಾ ಹಲೋ ಅಂತ ಕಳಿಸಿದ್ನಿ. ಸರ್ವರ್‌ಗೆ ಮುಟ್ಟವಲ್ದು."

"ಉಳಿದವ್ರಿಗೆ?"

ಉಳಿದವರಿಗೆ ಬಂದಿತ್ತು. ಹೇಗೆ ಎಂದರೆ, ಸರ್ವರ್ ಸುಮ್ಮನೆ ನಿಂತದ್ದು ನೋಡಿ ಬೇಸತ್ತ ಯಾರೋ ಒಬ್ಬ ಸರ್ವರಿನ ಕಿಟಕಿಯಲ್ಲೇ ಹಲೋ ಎಂದು ಒತ್ತಿದ್ದ. ಕೂಡಲೇ "ಕ್ಲೈಂಟ್ ಹೇಳಿದ್ದು: ಹಲೋ" ಎಂದು ಬಂತು. ಮ್ಯಾನುಯಲ್‌ನಲ್ಲಿ ಅಚ್ಚಾಗಿದ್ದದ್ದೂ ಅದೇ. ಹುಡುಗರು ಸಮಾಧಾನದಿಂದ ಎಡ ಪುಟ ತುಂಬಿಸಿ ಟೀಗೆ ಹೋಗಿದ್ದರು. ಈ ಹುಡುಗಿ ಮಾತ್ರ ಪೆನ್ಸಿಲಿನಲ್ಲಿ ದುಂಡಗೆ ಬರೆದಿದ್ದಳು: ಕ್ಲೈಂಟಿನಿಂದ ಏನೂ ಬರಲಿಲ್ಲ. ಸರ್ವರಿನಲ್ಲಿ ನಾನು ಒತ್ತಿದ್ದು ಸರ್ವರಿಗೇ ಬಂತು.

ಅವರು ಆ ಪುಟ ಹಿಡಿದುಕೊಂಡು ನನ್ನ ಬಳಿ ಬಂದರು. ಅವಳು ಟೈಪ್ ಮಾಡುವಾಗ ತಪ್ಪಿರಬಹುದು ಎಂದೆ.

"ಮೂವತ್ತೆಂಟು ಜನದ್ದೂ ನೋಡ್ದೆ ಸರ್. ಮೂವತ್ತೆಂಟೂ ಹಂಗೇ ಇದೆ. ಎಲ್ರೂ ಒಂದೇ ತಪ್ಪು ಮಾಡ್ತಾರಾ?"

"ಒಬ್ಬರದ್ದು ನೋಡಿ ಒಬ್ಬರು ಕಾಪಿ ಹೊಡೆದ್ರೆ ಮಾಡ್ತಾರೆ ಮೇಡಂ."

"ಅದು ಸರಿ" ಎಂದು ಒಪ್ಪಿಕೊಂಡರು. ಆಮೇಲೆ, "ಮೊದಲನೆಯವ್ನು ಯಾರದ್ದು ನೋಡಿ ಹೊಡೆದ?" ಎಂದರು.

ನನಗೆ ತರಗತಿಗೆ ಹೊತ್ತಾಗಿತ್ತು. ಹಾಗೆಂದು ಹೇಳಿ ಎದ್ದೆ. ತರಗತಿ ಇದ್ದದ್ದು ನಿಜ, ಮುಕ್ಕಾಲು ಗಂಟೆ ಆದ ಮೇಲೆ.

ಅವರು ಹನ್ನೊಂದು ಪ್ರೋಗ್ರಾಮುಗಳಿಗೆ ಸಹಿ ಹಾಕಿ ಏಳನೆಯದನ್ನು ಬಿಟ್ಟರು. ಮೂವತ್ತೆಂಟು ಪುಸ್ತಕಗಳಲ್ಲೂ. ರೆಕಾರ್ಡ್ ಪೂರ್ತಿ ಸಹಿಯಾಗದೆ ಪರೀಕ್ಷೆಗೆ ಕೂರಿಸುವಂತಿಲ್ಲ. ಗುರುವಾರ ಮುಖ್ಯಸ್ಥರು ಅವರನ್ನು ಕರೆಸಿದರು. ಮುಖ್ಯಸ್ಥರ ಕೋಣೆಗೂ ನಮ್ಮ ಸ್ಟಾಫ್ ರೂಮಿಗೂ ನಡುವೆ ಇದ್ದದ್ದು ಪ್ಲೈವುಡ್ ಹಲಗೆ. ಆಚೆ ಬಿಸ್ಕತ್ತು ಮುರಿದರೂ ಈಚೆ ಕೇಳಿಸುತ್ತಿತ್ತು. ಈಚೆ ನಾನೊಬ್ಬನೇ ಇದ್ದೆ.

"ಏನ್ ಮೇಡಂ ಇದು? ಸೋಮವಾರ ಪರೀಕ್ಷೆಗೆ ಎಕ್ಸ್‌ಟರ್ನಲ್ ಬರ್ತಾರೆ."

"ಏಳು ಓಡ್ಲಿಲ್ಲ ಸರ್."

"ಮ್ಯಾನುಯಲ್ ಪ್ರಿಂಟ್ ಆಗಿದೆ ಕಣ್ರೀ, ಬೈಂಡ್ ಆಗಿದೆ. ಪ್ರಿಂಟ್ ಆದ್ಮೇಲೆ ಅದರಲ್ಲಿ ತಪ್ಪು ಹೆಂಗಿರುತ್ತೆ?"

"ಮ್ಯಾನುಯಲ್ ತಪ್ಪು ಅಂದಿಲ್ಲ ಸರ್. ಓಡ್ಲಿಲ್ಲ ಅಂದೆ."

"ಎರಡೂ ಒಂದೇ ಅಲ್ವೇನ್ರೀ?"

"ಅದು ನಂಗೊತ್ತಿಲ್ಲ. ಸಹಿ ಅಂದ್ರೆ ಓಡಿದ್ದು ನಾನು ನೋಡಿದೀನಿ ಅಂತ. ನಾನು ನೋಡಿಲ್ಲ."

ಮುಖ್ಯಸ್ಥರು ಕೆಟ್ಟವರಲ್ಲ. ಧ್ವನಿ ತಗ್ಗಿಸಿದರು. "ನೋಡಿ, ಕಾಯಂ ಲಿಸ್ಟ್ ಮುಂದಿನ ವಾರ ಹೋಗುತ್ತೆ. ನಿಮ್ಮ ಹೆಸರು ಮೊದ್ಲಿದೆ. ಮೆಮೋ ಬಿದ್ರೆ ಆ ಲಿಸ್ಟಲ್ಲಿ ಇರಕ್ಕಾಗಲ್ಲ. ಸಂಜೆವರೆಗೂ ಯೋಚ್ನೆ ಮಾಡಿ."

ಆಮೇಲೆ ಅವರ ಧ್ವನಿ: "ಕೊಡೋದಾದ್ರೆ ಈಗ್ಲೇ ಕೊಡಿ ಸರ್, ಸಂಜೆ ಬಸ್ ರಷ್ ಇರುತ್ತೆ. ತಗೊಂಡೆ ಅಂತ ಎಲ್ಲಿ ಸಹಿ ಹಾಕ್ಬೇಕು?"

ಆ ಹೊತ್ತಿಗೆ ತಪ್ಪು ಯಾವುದೆಂದು ನನಗೆ ಗೊತ್ತಿರಲಿಲ್ಲ. ತಪ್ಪು ಯಾರದಿರಬಹುದೆಂದು ಗೊತ್ತಿತ್ತು. ಎದ್ದು ನಾಲ್ಕು ಹೆಜ್ಜೆ ನಡೆದು ಬಾಗಿಲು ತಟ್ಟಿದ್ದರೆ ಆಗುತ್ತಿತ್ತು. ನನ್ನ ಟೀ ಇನ್ನೂ ಬಿಸಿಯಿತ್ತು. ಕುಡಿದೆ.

ಶುಕ್ರವಾರ ಮಧ್ಯಾಹ್ನ ಲ್ಯಾಬ್ ಖಾಲಿಯಿದ್ದಾಗ ಅವರೇ ಕರೆದರು. "ಸರ್, ಒಂದ್ಸಲ ನೀವೇ ಕೂತ್ಕೊಳ್ಳಿ." ಕೂತೆ. ಅವರು ಕೈ ಕಟ್ಟಿ ಹಿಂದೆ ನಿಂತರು. ಮೆಮೋದ ಮಾತೆತ್ತಲಿಲ್ಲ. ನಾನು ಮ್ಯಾನುಯಲ್ ನೋಡಿ ಏಳನೇ ಪ್ರೋಗ್ರಾಂ ಅಕ್ಷರ ಬಿಡದೆ ಟೈಪ್ ಮಾಡಿದೆ. ಸರ್ವರ್ ನಿಂತಿತು.

"ಯಾರಿಗೋಸ್ಕರ ನಿಂತಿದೆ ಸರ್?"

"ಕ್ಲೈಂಟ್‌ಗೋಸ್ಕರ."

"ಹೆಂಗೊತ್ತು?"

"ಮ್ಯಾನುಯಲ್‌ನಲ್ಲಿದೆ."

"ಅದು ನೀವೇ ಬರ್ದಿರೋದು."

"ಹೌದು."

"ಕರೆ ಬಂದ ಮೇಲೆ ಅದಕ್ಕೊಂದು ನಂಬರ್ ಕೊಡುತ್ತಲ್ಲ, ಅದು ಎಷ್ಟು ಅಂತ ಪ್ರಿಂಟ್ ಮಾಡ್ಸಿ."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪ್ರೋಗ್ರಾಂ ಎಲ್ಲಿಂದ ಓದಬೇಕು, ಎಲ್ಲಿಗೆ ಬರೆಯಬೇಕು ಎಂಬುದಕ್ಕೆಲ್ಲ ಯಂತ್ರ ಸಂಖ್ಯೆ ಕೊಟ್ಟಿರುತ್ತದೆ. ಸೊನ್ನೆ ಅದರ ಸ್ವಂತ ಕೀಬೋರ್ಡು. ಒಂದು, ಎರಡು ಪರದೆ. ಕರೆಗಾಗಿ ಕಾಯುವುದಕ್ಕೆ ಮೂರು. ಮೊದಲು ಕರೆದವರಿಗೆ ನಾಲ್ಕು. ಆದ್ದರಿಂದ ಅಲ್ಲಿ ನಾಲ್ಕು ಬರಬೇಕು. ನಾನು ಒಂದು ಸಾಲು ಸೇರಿಸಿ ಓಡಿಸಿ, ಕ್ಲೈಂಟಿನಿಂದ ಕರೆದೆ. ಸೊನ್ನೆ ಬಂತು.

"ಸೊನ್ನೆ ಅಂದ್ರೆ ಯಾರು ಸರ್?"

ನನಗೆ ಗೊತ್ತಿತ್ತು. "ಕೀಬೋರ್ಡು."

"ಯಾರ್ದು?"

"ಸರ್ವರ್‌ದೇ."

ಎರಡು ಸಾಲುಗಳನ್ನು ಒಂದು ಮಾಡುವಾಗ ನಾನು ಒಂದು ಕಡೆ ಒಂದು ಜೊತೆ ಆವರಣ, ಅಂದರೆ ಬ್ರಾಕೆಟ್, ಬಿಟ್ಟಿದ್ದೆ. ಅದರಿಂದ ಲೆಕ್ಕದ ಕ್ರಮ ಬದಲಾಗಿ, ಬಂದ ಕರೆಯ ಸಂಖ್ಯೆಯನ್ನು ಇಟ್ಟುಕೊಳ್ಳುವ ಬದಲು, "ಕರೆ ವಿಫಲವಾಯಿತೇ? ಇಲ್ಲ" ಎಂಬ ಉತ್ತರವನ್ನು ಇಟ್ಟುಕೊಳ್ಳುತ್ತಿತ್ತು. ಸಿ ಭಾಷೆಯಲ್ಲಿ ಇಲ್ಲ ಎಂದರೆ ಸೊನ್ನೆ. ಕರೆ ಸರಿಯಾಗಿಯೇ ಬಂದಿತ್ತು, ಸರ್ವರ್ ಎತ್ತಿಕೊಂಡೂ ಇತ್ತು. ಎತ್ತಿದ ಮೇಲೆ ರಿಸೀವರನ್ನು ಎಲ್ಲೋ ಇಟ್ಟು ಮರೆತು, ತನ್ನ ಕೀಬೋರ್ಡಿನ ಕಡೆ ಕಿವಿ ಕೊಟ್ಟು ಕೂತಿತ್ತು. ಆವರಣ ಸೇರಿಸಿದೆ. ನಾಲ್ಕು ಬಂತು. ಕ್ಲೈಂಟಿನಿಂದ ಕಳಿಸಿದ ಹಲೋ ಸರ್ವರಿಗೆ ಮುಟ್ಟಿತು, ಉತ್ತರ ಹೋಯಿತು.

"ಓಡ್ತು" ಎಂದರು. ಅಷ್ಟೇ. ನನಗಿಂತ ಮೊದಲೇ ಅವರು ತಪ್ಪನ್ನು ಕಂಡಿದ್ದರೇ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ಟೆಲಿಫೋನ್ ಪರೀಕ್ಷಿಸಿದವರು ಸಂಖ್ಯೆ ಕೇಳಿದ್ದು ಆಶ್ಚರ್ಯವೇನಲ್ಲ.

ಶನಿವಾರ ಮೂವತ್ತೆಂಟು ಜನರನ್ನೂ ಕರೆಸಿ ಓಡಿಸಿದರು. ತಿದ್ದುಪಡಿಯನ್ನು ಬೋರ್ಡಿನ ಮೇಲೆ ಬರೆದವನು ನಾನು. ಯಾರ ತಿದ್ದುಪಡಿ ಎಂದು ಯಾರೂ ಕೇಳಲಿಲ್ಲ. ಅವರು ಒಂದೊಂದು ಪರದೆಯನ್ನೂ ನೋಡಿ ಒಂದೊಂದು ಪುಸ್ತಕಕ್ಕೂ ಸಹಿ ಹಾಕಿದರು. ಯಾದಗಿರಿಯ ಹುಡುಗಿ ಹಳೆಯ ಔಟ್‌ಪುಟ್ ಅಳಿಸಲು ರಬ್ಬರ್ ತೆಗೆದಾಗ, "ಇರ್ಲಿ ಬಿಡಮ್ಮ, ಅದೂ ಆಗಿದ್ದೇ ತಾನೆ, ಕೆಳಗೆ ಬರಿ" ಎಂದರು.

ಸೋಮವಾರ ಮುಖ್ಯಸ್ಥರು ಪುಸ್ತಕಗಳನ್ನು ತಿರುವಿ ನೋಡಿ ನನ್ನನ್ನು ಕರೆದರು. "ನೋಡಿದ್ರಾ? ಒಂದು ಮೆಮೋ ಕೊಟ್ಟೆ, ಎರಡು ದಿನದಲ್ಲಿ ಎಲ್ಲಾ ಸಹಿ ಬಂತು. ಸ್ಟಾಫನ್ನ ಹಿಂಗೇ ಇಟ್ಕೋಬೇಕು."

"ಹೌದು ಸರ್" ಎಂದೆ.

ಪಟ್ಟಿ ಹೋಯಿತು. ಉಳಿದಿಬ್ಬರು ಕಾಯಂ ಆದರು. ನನ್ನ ಪ್ರೊಬೇಷನ್ ಮುಗಿಯಿತು. ಅವರು ಇನ್ನೂ ಏಳು ವರ್ಷ, ಏಳು ಮೇ ತಿಂಗಳು, ಅರ್ಜಿ ಬರೆದು ಕೆಲಸ ಮಾಡಿದರು. ಪಾಯಸ ತಂದಾಗ ನನಗೂ ಒಂದು ಸೌಟು, ಹೆಚ್ಚಿಲ್ಲ, ಕಡಿಮೆಯಿಲ್ಲ. ಒಂದೇ ಒಂದು ಸಲ, ಮೂರೋ ನಾಲ್ಕೋ ವರ್ಷದ ಮೇಲೆ, ಮೆಟ್ಟಿಲಲ್ಲಿ ನಿಲ್ಲಿಸಿ, "ಮೇಡಂ, ಆ ಏಳನೇ ಪ್ರೋಗ್ರಾಂ ವಿಷಯ..." ಎಂದೆ. "ಅದು ಓಡ್ತಲ್ಲ ಸರ್" ಎಂದು ಇಳಿದು ಹೋದರು. ಅವರು ನಿವೃತ್ತರಾದಾಗ ಗುತ್ತಿಗೆಯವರಿಗೆ ಬೀಳ್ಕೊಡುಗೆ ಮಾಡುವ ರೂಢಿ ಇಲ್ಲವೆಂದು ಮಾಡಲಿಲ್ಲ. ಹುಡುಗರು ಲ್ಯಾಬಿನಲ್ಲೇ ಕೇಕ್ ಕತ್ತರಿಸಿದರು. ಎ.ಸಿ. ಮೂಲೆಯಲ್ಲಿ ಕೇಕ್ ಇಡಬಾರದೆಂದು ಅದಕ್ಕೂ ಒಂದು ಸುತ್ತೋಲೆ ಬಂತು.

ಸಾವಿನ ಸುದ್ದಿ ಬಂದು ಒಂದು ವಾರದ ಮೇಲೆ ಅವರ ಮನೆಗೆ ಹೋದೆ. ಹಲಸೂರು ಕೆರೆಯ ಹಿಂದಿನ ಒಂದು ಕಿರಿದಾದ ಬೀದಿ, ಮೊದಲ ಮಹಡಿ. ಮಗಳಿದ್ದರು, ಇಂದಿರಾನಗರದ ಒಂದು ಕಣ್ಣಿನ ಕ್ಲಿನಿಕ್‌ನಲ್ಲಿ ಕೆಲಸ. ಕೂರಿಸಿ ನೀರು ಕೊಟ್ಟರು. ಏನು ಹೇಳಬೇಕೆಂದು ನಾನು ಬರೆದುಕೊಂಡು ಹೋಗಿದ್ದೆ. ಜೇಬಿನಿಂದ ತೆಗೆಯದೆ ಹೇಳಿದೆ: ನಿಮ್ಮ ಅಮ್ಮನಿಗೆ ಸಿಕ್ಕ ಮೆಮೋ ನನ್ನ ತಪ್ಪಿಗೆ ಸಿಕ್ಕಿದ್ದು, ಅವರು ಕಾಯಂ ಆಗದೇ ಹೋದದ್ದು ಅದರಿಂದ, ಅದನ್ನು ಆಗಲೇ ಹೇಳಬೇಕಿತ್ತು.

ಮಗಳು ನನ್ನನ್ನೇ ನೋಡಿದರು. "ಮೆಮೋನಾ? ಅಮ್ಮಂಗಾ?"

ಅವರಿಗೆ ಗೊತ್ತಿರಲಿಲ್ಲ. ಇದನ್ನು ನಾನು ಯೋಚಿಸಿರಲಿಲ್ಲ.

"ಡಿಪ್ಲೊಮಾ ಇಲ್ದೋರನ್ನ ಕಾಯಂ ಮಾಡಲ್ವಂತೆ ಅಂತ ಅಮ್ಮ ಹೇಳಿದ್ರು ಸರ್" ಎಂದರು. "ನಾನೂ ನಮ್ಮಣ್ಣನೂ ಎಷ್ಟು ಬೈದಿದೀವಿ ಗೊತ್ತಾ? ಹನ್ನೊಂದು ವರ್ಷ ಕಾಲೇಜಲ್ಲೇ ಇದ್ದು ಒಂದು ಡಿಪ್ಲೊಮಾ ಕಟ್ಕೊಳ್ಳಕ್ಕಾಗ್ಲಿಲ್ವಾ ನಿಂಗೆ, ಅಂತ. ಪ್ರತಿ ಸಲ ಅರ್ಜಿ ಬರಿಯಕ್ಕೆ ಕೂತಾಗ ಬೈತಿದ್ವಿ. ಸುಮ್ನೆ ಕೇಳಿಸ್ಕೊಳ್ಳೋರು."

ಒಳಗೆ ಕುಕ್ಕರ್ ಕೂಗಿತು. ಅವರು ಏಳಲಿಲ್ಲ.

"ಆ ಮೆಮೋ ಕೊಟ್ಟಾಗ ನೀವು ಎಲ್ಲಿದ್ರಿ ಸರ್?"

"ಪಕ್ಕದ ಕೋಣೆಯಲ್ಲಿ."

"ಕೇಳಿಸ್ತಾ?"

"ಕೇಳಿಸ್ತು."

"ಎಷ್ಟು ದೂರ ಇದ್ರಿ?"

ನಮ್ಮಿಬ್ಬರ ನಡುವೆ ಒಂದು ಟೀಪಾಯಿ ಇತ್ತು, ಅದರ ಮೇಲೆ ನಾನು ಮುಟ್ಟದ ನೀರಿನ ಲೋಟ. ಅದರ ಈ ಅಂಚಿನಿಂದ ಆ ಅಂಚಿನವರೆಗೆ ಕೈಯಲ್ಲಿ ತೋರಿಸಿದೆ. ಆಮೇಲೆ ಅದು ಸರಿಯಲ್ಲ, ಅಷ್ಟು ದೂರವೂ ಇರಲಿಲ್ಲ ಎನಿಸಿ, ಕೈಯನ್ನು ಸ್ವಲ್ಪ ಹಿಂದಕ್ಕೆ ತೆಗೆದುಕೊಂಡೆ.